ಹೆಂಚಿನ ಲಾರಿಯಲ್ಲಿ ಅಜ್ಜಂಪುರಕ್ಕೆ

ಸಿಂಗಟಗೆರೆಯಿಂದ ಬೆಳಗಿನ ಬಸ್ಸಿಗೆ ಕಡೂರಿಗೆ ಹೊರಟೆ. ಬಸ್ಸಿನ ತುಂಬ ಹೆಂಗಸರು, ಎಲ್ಲರಿಗೂ ಪುಕ್ಕಟೆ ಪ್ರಯಾಣ. "ಟಿಕೆಟ್ ತಗಳೋರು ನೀವೊಬ್ರೇ ಸಿಕ್ಕಿದ್ದು ಕಣಜ್ಜ, ಮುಂದೆ ಬಂದು ಕೂತ್ಕಳಿ" ಎಂದು ಕಂಡಕ್ಟರ್ ಸೀಟು ಬಿಡಿಸಿಕೊಟ್ಟ.

ನಾನು ಹೊರಟದ್ದು ಕ್ಷಮೆ ಕೇಳುವುದಕ್ಕೆ. ಹೋದ ವರ್ಷ ಬೆಂಗಳೂರಿನ ವಾಸ್ತುಶಿಲ್ಪಿಗಳ ಸಂಸ್ಥೆಯೊಂದು ನಮ್ಮೂರಿನಲ್ಲಿ ಮಣ್ಣಿನ ಇಟ್ಟಿಗೆಯ ಅಂಗನವಾಡಿ ಕಟ್ಟಲು ಬಂದಿತ್ತು. ಅವರ ಪದ್ಧತಿಯೇ ಬೇರೆ. ನಕ್ಷೆ ಬರೆಯುವ ಮೊದಲು ಬಯಲಿನಲ್ಲಿ ಸುಣ್ಣದ ಪುಡಿಯಿಂದ ಇಡೀ ಕಟ್ಟಡದ ಗೆರೆ ಎಳೆದು, ಊರವರನ್ನು ಅದರೊಳಗೆ ಓಡಾಡಿಸಿ, ಅವರು ಹೇಳಿದಂತೆ ಬಾಗಿಲು ಗೋಡೆಗಳನ್ನು ಸರಿಸುತ್ತಾರೆ. "ಮಣ್ಣಿನ ಮನೆ ಸಾಕಾಗಿ ಆರ್‌ಸಿಸಿ ಹಾಕ್ಸಿದೀವಿ, ಮಕ್ಕಳನ್ನ ಮತ್ತೆ ಮಣ್ಣಿಗೆ ತಳ್ತೀರಾ?" ಎಂದು ಕೂಗಾಡಿ ನಾನು ಆ ಗೆರೆಗಳ ಮೇಲೆ ಟ್ರ್ಯಾಕ್ಟರ್ ಓಡಿಸಿದೆ. ಅವರು ಹೊರಟುಹೋದರು. ಮಕ್ಕಳು ತಗಡಿನ ಶೆಡ್ಡಿನಲ್ಲೇ ಉಳಿದರು. ಈ ಬೇಸಿಗೆಯಲ್ಲಿ ಮೊಮ್ಮಗಳನ್ನು ಅಲ್ಲಿಗೆ ಬಿಡಲು ಹೋದಾಗ ಒಳಗಿನ ಧಗೆಗೆ ನನಗೇ ನಿಲ್ಲಲಾಗಲಿಲ್ಲ.

ಕಡೂರಿನಲ್ಲಿ ಇಡ್ಲಿ ತಿಂದು, ಬೀರೂರು ದಾಟಿ ತರೀಕೆರೆ ಸೇರಿದೆ. ಸಂಸ್ಥೆಯವರು ಈಗ ಅಲ್ಲಿದ್ದಾರೆಂದು ಮೊದಲೇ ವಿಚಾರಿಸಿಕೊಂಡಿದ್ದೆ. ಹೋದ ವರ್ಷ ನಮ್ಮೂರಿಗೆ ಬಂದಿದ್ದ ಶಾಲಿನಿ ಕೆಡವಿದ ಮನೆಗಳ ಹೆಂಚು ಆರಿಸಿ ಲಾರಿಗೆ ತುಂಬಿಸುತ್ತಿದ್ದರು.

"ಟ್ರ್ಯಾಕ್ಟರ್ ಎಲ್ಲಿ ಬಿಟ್ಟು ಬಂದ್ರಿ, ಯಜಮಾನ್ರೇ?" ಎಂದರು.

ನಾಚಿಕೆಯಾಯಿತು, ನಗುವೂ ಬಂತು. "ತಪ್ಪಾಯ್ತಮ್ಮ. ನಮ್ಮೂರಿಗೆ ಇನ್ನೊಂದ್ಸಲ ಬನ್ನಿ."

"ಅಜ್ಜಂಪುರದಲ್ಲಿ ಕಟ್ತಿರೋದನ್ನ ಮೊದ್ಲು ನೋಡಿ" ಎಂದು ಲಾರಿ ಹತ್ತಿಸಿದರು. ಹೆಂಚು ಒಡೆಯಬಾರದೆಂದು ಲಾರಿ ಅಜ್ಜಂಪುರದವರೆಗೂ ತೆವಳಿತು.

ಊರಂಚಿನಲ್ಲಿ ಮಣ್ಣಿನ ಇಟ್ಟಿಗೆಯ ಅಂಗನವಾಡಿ ಏಳುತ್ತಿತ್ತು. ಅರ್ಧ ಮಾಡಿಗೆ ಹೆಂಚು ಹೊದಿಸಿ ಆಗಿತ್ತು. ಉರಿಬಿಸಿಲಿನಿಂದ ಅದರಡಿಗೆ ಕಾಲಿಟ್ಟರೆ ತಂಪು. ಕಿಟಕಿಗಳು ಮಕ್ಕಳ ಎತ್ತರಕ್ಕಿದ್ದವು. ಹೊರಗೆ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸತೊಡಗಿದರು.

"ನಿಂತ್ಕಂಡು ನೋಡಾಕೆ ಇದೇನು ಮದ್ವೆ ಮೆರವಣಿಗೆಯಾ? ಬನ್ನಿ ಈ ಕಡೆ" ಎಂದು ಅವರಲ್ಲೊಬ್ಬಾಕೆ ನನ್ನನ್ನೂ ಸಾಲಿಗೆ ಎಳೆದಳು. ಒಂದು ಹೆಂಚನ್ನೂ ಬೀಳಿಸದೆ ದಾಟಿಸಿದೆ. ಅಷ್ಟು ಖುಷಿಯಾಗಿ ದುಡಿದು ಎಷ್ಟೋ ಕಾಲವಾಗಿತ್ತು.

ಮಧ್ಯಾಹ್ನ ಮುದ್ದೆ, ಕಾಳಿನ ಸಾರು. ಊಟದ ನಡುವೆ ಶಾಲಿನಿ, "ಅವತ್ತು ಕೂಗಿದಷ್ಟೇ ಜೋರಾಗಿ ಊರವ್ರಿಗೆ ತಪ್ಪಾಯ್ತು ಅಂತೀರಾ?" ಎಂದು ಕೇಳಿದರು.

ಅಲ್ಲಿಂದಲೇ ನಮ್ಮೂರ ಅಂಗನವಾಡಿಯ ಟೀಚರ್ ಸಾಕಮ್ಮನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. "ಆವತ್ತು ಗೆರೆ ಅಳಿಸಿದ್ದು ನನ್ನ ತಪ್ಪು ಕಣಮ್ಮ."

"ಅದು ಊರಿಗೇ ಗೊತ್ತು, ಮಾವ. ಅವ್ರು ಯಾವಾಗ ಬತ್ತಾರೆ, ಅದನ್ನ ಹೇಳಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಶಾಲಿನಿ ಫೋನಿನತ್ತ ಬಗ್ಗಿ, "ಸೋಮವಾರ ಬರ್ತೀವಿ" ಎಂದರು.

ಸಂಜೆ ಬಸ್ಸು ಹೊರಟಾಗ ತಿರುಗಿ ನೋಡಿದೆ. ಹೆಂಚು ಇನ್ನೂ ಕೈಯಿಂದ ಕೈಗೆ ಮೇಲೇರುತ್ತಿತ್ತು. ಸಾಲಿನಲ್ಲಿ ನಾನು ಬಿಟ್ಟ ಜಾಗದಲ್ಲಿ, ಸೆರಗು ಬಿಗಿದುಕೊಂಡು ಶಾಲಿನಿ ನಿಂತಿದ್ದರು.