ಬಾಗಿದ ಕೊಂಡಿ

ಹಳೆಯ ಕ್ಯಾಮೆರಾ ಮಾರಲು ಬಂದವರು ಆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಬೆವರುತ್ತಿದ್ದರು. ಮಾಲೀಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಭೂತಗನ್ನಡಿ ಎಂದು. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಷ್ಟೇ ಉಳಿದಿತ್ತು. ಕ್ಯಾಮೆರಾ ಕೈಗೆ ಬಂತೆಂದರೆ ಅವನು ಮಾರುವವನ ಮುಖ ನೋಡುತ್ತಿರಲಿಲ್ಲ. ಸೊಸೆಯ ಅಡುಗೆಯಲ್ಲಿ ಕೂದಲು ಹುಡುಕುವ ಅತ್ತೆಯ ಹಾಗೆ ಒಂದೊಂದೇ ಹುಳುಕು ಎತ್ತಿ, ಗಟ್ಟಿಯಾಗಿ ಹೇಳುತ್ತಾ ಹೋಗುತ್ತಿದ್ದ. ಕೇಳುತ್ತಾ ಕೇಳುತ್ತಾ ಮಾರುವವನ ದನಿ ಇಳಿಯುತ್ತಿತ್ತು, ಬೆಲೆಯೂ ಇಳಿಯುತ್ತಿತ್ತು. ಕೆಲಸ ಕಲಿಸಿದವನು ಹೇಳಿಕೊಟ್ಟ ಪಟ್ಟು ಅದು. ವರ್ಷಗಟ್ಟಲೆ ರೂಢಿಯಾಗಿ ಅವನ ಬಾಯಿ ಈಗ ಮನಸ್ಸಿನ ಅಪ್ಪಣೆಗೂ ಕಾಯುತ್ತಿರಲಿಲ್ಲ.

ಆ ಮಧ್ಯಾಹ್ನ ಬಂದವನು ಅವನ ತಂಗಿಯ ಗಂಡ. ಮೃದು ಮಾತಿನವನು, ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬರುವವನು. ಹೆಗಲ ಚೀಲದಿಂದ ಅವಳ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ಮಾರಿಬಿಡೋಣ ಅಂತ, ಭಾವ. ಅವಳಿಗೆ ಈಗ ಇದರಲ್ಲಿ ಮನಸ್ಸಿಲ್ಲ."

ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವನು ಭೂತಗನ್ನಡಿಯೇ. ಮದುವೆ, ಹುಟ್ಟುಹಬ್ಬ ಎಂದು ಫೋಟೋ ತೆಗೆದು ತನ್ನ ಅನ್ನ ತಾನು ದುಡಿಯುತ್ತಿದ್ದ ಹುಡುಗಿ ಅವಳು. ಕ್ಯಾಮೆರಾವನ್ನು ಯಾರಾದರೂ ಮುಟ್ಟಿದರೆ ಸಾಕು, ಮುಖ ಸಿಂಡರಿಸುತ್ತಿದ್ದಳು. ಈಚೆಗೆ ಅಂಗಡಿಯ ಕಡೆ ತಲೆ ಹಾಕುವುದನ್ನೂ ಬಿಟ್ಟಿದ್ದಳು. ಅವಳನ್ನು ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಕೈ ಕ್ಯಾಮೆರಾವನ್ನು ಎತ್ತಿಕೊಂಡಾಗಿತ್ತು, ಮತ್ತು ಕೈ ಎತ್ತಿಕೊಂಡರೆ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಹೆಬ್ಬೆರಳು ಕೂರೋ ಕಡೆ ರಬ್ಬರ್ ಎದ್ದಿದೆ. ಫ್ಲ್ಯಾಶ್ ಸಿಕ್ಕಿಸೋ ಜಾಗದಲ್ಲಿ ಬಣ್ಣ ಹೋಗಿದೆ, ಚೆನ್ನಾಗಿ ದುಡಿದಿರೋ ಕ್ಯಾಮೆರಾ. ಲೆನ್ಸ್ ಗಾಜು ಸ್ವಚ್ಛ." ಮಗ್ಗುಲು ತಿರುಗಿಸಿದ. ಕೊರಳಿಗೆ ಹಾಕುವ ಬೆಲ್ಟ್ ಇರಲಿಲ್ಲ. ಬೆಲ್ಟ್ ಪೋಣಿಸುವ ಉಕ್ಕಿನ ಕೊಂಡಿ ಹೊರಕ್ಕೆ ಬಾಗಿ, ಅದರ ಬುಡದಲ್ಲಿ ಕವಚ ಸೀಳಿತ್ತು.

"ಇದು ಬಿದ್ದು ಆಗಿದ್ದಲ್ಲ. ಬಿದ್ದಿದ್ರೆ ಮೂಲೆ ಜಜ್ಜಿರ್ತಿತ್ತು. ಕೊರಳಲ್ಲಿ ಇದ್ದಾಗ ಯಾರೋ ಬೆಲ್ಟ್ ಹಿಡಿದು ಎಳೆದಿದ್ದಾರೆ. ಒಂದು ಸಲ ಅಲ್ಲ, ತಿರುಚಿ ತಿರುಚಿ..."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಹೇಳಿದ್ದರ ಅರ್ಥ ಅವನಿಗೆ ಆದದ್ದು ಹೇಳಿ ಮುಗಿದ ಮೇಲೆ. ಅಂದು ಮೊದಲ ಬಾರಿಗೆ ಅವನು ಮಾರುವವನ ಮುಖ ನೋಡಿದ. ಅಲ್ಲಿ ಗಾಬರಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

"ಅವಳೇ ಬಂದು ಹೇಳಿದ್ಲಾ ನಿಮಗೆ?" ತಂಗಿಯ ಗಂಡ ಮೆಲ್ಲಗೆ ಕೇಳಿದ.

"ಇಲ್ಲಪ್ಪ, ಅವಳು ಏನೂ ಹೇಳಿಲ್ಲ. ಸುಮ್ನೆ ಬೆಲೆ ಇಳಿಸೋಕೆ ಹೇಳ್ದೆ. ನಾನು ಎಲ್ಲರಿಗೂ ಹೀಗೇ..." ಭೂತಗನ್ನಡಿ ಕೊಂಡಿಯ ಮಗ್ಗುಲು ಕೆಳಗಾಗುವಂತೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. ಹಳ್ಳ ತೋಡಿದವನು ತಾನೇ, ಅದರೊಳಗೆ ತಳ್ಳಿದ್ದು ಮಾತ್ರ ತಂಗಿಯನ್ನು.

"ಬೇಡ ಬಿಡಿ, ಭಾವ. ಮನೆಗೆ ಹೋಗಿ ಅವಳನ್ನೇ ಕೇಳ್ತೀನಿ, ಯಾರಿಗೆಲ್ಲ ಏನೇನು ಹೇಳಿದ್ದಾಳೆ ಅಂತ." ಅವನು ಕ್ಯಾಮೆರಾವನ್ನು ಮಗುವನ್ನು ಎತ್ತಿಕೊಂಡಷ್ಟು ಜೋಪಾನವಾಗಿ ಚೀಲಕ್ಕೆ ಇಳಿಸಿ ಎದ್ದ.

ಅವನು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಂತೆಯೇ ಭೂತಗನ್ನಡಿ ಮೇಜಿನ ಕೆಳಗೆ ಫೋನ್ ಹಿಡಿದು ತಂಗಿಯ ನಂಬರ್ ಒತ್ತಿದ. ಬಾಗಿಲು ಹಾಕಿಕೋ, ಪಕ್ಕದ ಮನೆಗೆ ಓಡು ಎಂದು ಹೇಳಿದರೆ ಸಾಕಿತ್ತು.

ಅವಳ ಫೋನ್ ರಿಂಗಾದದ್ದು ಬಾಗಿಲಲ್ಲಿ, ತಂಗಿಯ ಗಂಡನ ಅಂಗಿಯ ಜೇಬಿನೊಳಗೆ.

ಅವನು ಅದನ್ನು ತೆಗೆದು ಹೆಸರು ನೋಡಿದ. ಕರೆ ಕತ್ತರಿಸಿದ.

"ಅವಳಿಗೆ ಹುಷಾರಿಲ್ಲ, ಭಾವ, ಮಲಗಿದ್ದಾಳೆ," ಎಂದು ಹೇಳಿ ಮೆಟ್ಟಿಲಿಳಿದ.

ಭೂತಗನ್ನಡಿ ಮೇಜು ಹಾರಿ ಬೀದಿಗೆ ಬೀಳುವಷ್ಟರಲ್ಲಿ ತಂಗಿಯ ಗಂಡನ ಬೈಕು ತಿರುವಿನಲ್ಲಿ ಮರೆಯಾಗುತ್ತಿತ್ತು. ಅವನು ಅದರ ಹಿಂದೆ ಓಡತೊಡಗಿದ.