ಹೀರೆ ಹೂವಿನ ಮದುವೆ

ಸಿಂಚನಾ, ತೇಜು, ನಿಮ್ಮಜ್ಜಿ ಹೋದ ತಿಂಗಳು ಸ್ಕಾಟ್‌ಲೆಂಡಿನಲ್ಲಿ ಒಂದು ಮದುವೆ ಮಾಡಿಸಿ ಬಂದಿದ್ದಾಳೆ. ವಾಲಗ ಇಲ್ಲ, ಛತ್ರ ಇಲ್ಲ. ಗಂಡೂ ಹೀರೆ ಹೂವು, ಹೆಣ್ಣೂ ಹೀರೆ ಹೂವು.

(ಓದುಗರೇ, ಈ ವಾರದ ಅಂಕಣ ಮೊಮ್ಮಕ್ಕಳಿಗೆ. ನೀವೂ ಓದಿ, ಬೇಡವೆನ್ನುವುದಿಲ್ಲ.)

ಅಲ್ಲಿನ ಒಂದು ಊರಿನವರು ದೊಡ್ಡ ಗಾಜಿನ ಮನೆ ಕಟ್ಟಿ, ಒಳಗೆ ನಮ್ಮ ಕಡೆಯ ತರಕಾರಿ ಬೆಳೆಯಲು ಹೊರಟಿದ್ದರು. ಕೃಷ್ಣಮೂರ್ತಿಪುರಂನ ನಮ್ಮ ತಾರಸಿ ತೋಟದ ಗುಂಪಿನಿಂದ ಇಬ್ಬರನ್ನು ಕರೆದರು. ಮೂರು ತಿಂಗಳು, ಸಂಬಳವಿಲ್ಲದ ಸೇವೆ.

ನಾನೋ ಹಳ್ಳಿ ಶಾಲೆಯ ಏಳನೇ ಕ್ಲಾಸ್. ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿದರೂ ಕಂಡಕ್ಟರಿಗೆ ಹೇಳದೆ, ಮುಂದಿನ ಸ್ಟಾಪಿನಿಂದ ನಡೆದು ಬರುವವಳು. ಆದರೆ ಜೊತೆಗೆ ಹೊರಟ ಚಾಮರಾಜಪುರಂ ಪ್ರೇಮಾ ರಿಟೈರ್ಡ್ ಇಂಗ್ಲಿಷ್ ಮೇಡಂ. "ಗಿಡ ನೀವು ನೋಡ್ಕೊಳ್ಳಿ, ಮಾತು ನಾನು ನೋಡ್ಕೋತೀನಿ" ಎಂದರು. ವಿಮಾನ ಹತ್ತಿಯೇಬಿಟ್ಟೆ.

ಅಲ್ಲಿ ಹೊರಗೆ ಸ್ವೆಟರ್, ಗಾಜಿನ ಬಾಗಿಲು ತೆಗೆದರೆ ಒಳಗೆ ನಮ್ಮ ಏಪ್ರಿಲ್. ನಾನು ಬೀಜ ಊರಿದ ಹೀರೆ ಬಳ್ಳಿ ಆರೇ ವಾರಕ್ಕೆ ನನ್ನ ತಲೆ ದಾಟಿತು. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಓಡಿ ಹೋಗಿ ನೋಡುತ್ತಿದ್ದೆ.

ಕಾಯಿ ಮಾತ್ರ ಇಲ್ಲ.

ಗಾಜಿನೊಳಗೆ ಜೇನ್ನೊಣ ಬರುವುದಿಲ್ಲ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ನಾವೇ ಮುಟ್ಟಿಸಬೇಕು. ಆ ಊರಿನವರು ಪುಟ್ಟ ಬ್ರಷ್ ಹಿಡಿದು ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದರು, ಹೂವೆಲ್ಲ ಮುದುರಿರುತ್ತಿತ್ತು. ನಾಲ್ಕಕ್ಕೆ ಬಾಗಿಲು ಹಾಕಿ ಮನೆಗೆ. ಹೀರೆ ಹೂ ಅರಳುವುದು ಸಂಜೆ. ನಮ್ಮೂರಲ್ಲಿ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಹೇಳಿದೆನಾ? ಓದಿದವರು, ತಿಳಿದೇ ಮಾಡುತ್ತಿರಬೇಕು ಎಂದು ಸುಮ್ಮನಿದ್ದೆ.

ಒಂದು ಸೋಮವಾರ ತೋಟದ ಮೇಲ್ವಿಚಾರಕಿ ಮೇರಿಯನ್ ಬಂದು, ಶುಕ್ರವಾರದೊಳಗೆ ಒಂದೂ ಕಾಯಿ ಕಚ್ಚದಿದ್ದರೆ ಬಳ್ಳಿ ಕಿತ್ತು ಟೊಮ್ಯಾಟೊ ಹಾಕುವುದು ಎಂದರು. ಪ್ರೇಮಾ ಅದನ್ನು ಕನ್ನಡದಲ್ಲಿ ಹೇಳಿದರು. ಅವರ ಸೆರಗು ಎಳೆದೆ.

"ಸಂಜೆ ಏಳಕ್ಕೆ ಬರೋಕೆ ಹೇಳ್ಬುಡಿ. ಹೂ ಅರಳೋದು ಆವಾಗ."

"ಇಷ್ಟು ದಿನ ಬಾಯಲ್ಲಿ ಅವರೆಕಾಳು ಇಟ್ಕೊಂಡಿದ್ರೇನ್ರೀ?" ಎಂದರು ಪ್ರೇಮಾ.

ಏಳಕ್ಕೆ ಹೋದೆವು. ಅಲ್ಲಿ ಆಗಲೂ ಹಗಲಿನಂಥ ಬೆಳಕು. ಬಳ್ಳಿ ತುಂಬಾ ಹಳದಿ. ಮೇರಿಯನ್ ಬಾಯಿ ಮೇಲೆ ಕೈ ಇಟ್ಟು ನಿಂತುಬಿಟ್ಟರು. ಗಂಡು ಹೂ ಗೊಂಚಲು ಗೊಂಚಲು. ಹೆಣ್ಣು ಎರಡೇ, ಹಿಂದೆ ಬೆರಳಿನಷ್ಟು ಎಳೆಗಾಯಿ ಕಟ್ಟಿಕೊಂಡು. ಪುಡಿ ಮುಟ್ಟದಿದ್ದರೆ ಅದು ಬಾಡಿ ಉದುರುತ್ತದೆ. ಮೇರಿಯನ್ ಬ್ರಷ್ ನನ್ನ ಕೈಗೆ ಕೊಟ್ಟರು.

ನಾನು ಹಿಂದೆ ಸರಿದೆ.

ಯಾಕೆ? ನಿಮ್ಮ ತಾತ ಹೋದ ಮೇಲೆ ಯಾವ ಮದುವೆಯಲ್ಲೂ ನಾನು ಧಾರೆಗೆ ಕೈ ಹಚ್ಚಿಲ್ಲ. ಕಂಬದ ಹಿಂದೆ ನಿಲ್ಲುತ್ತೇನೆ. ಯಾರೂ ಹೇಳಬೇಕಿಲ್ಲ, ಕಾಲು ತಾನೇ ಅತ್ತ ಹೋಗುತ್ತದೆ.

"ನೀವೇ ಮುಟ್ಟಿಸಿ ಪ್ರೇಮಾ. ಮೊದಲನೇ ಕಾಯಿ. ನೀವು ಮುತ್ತೈದೆ."

"ಹೀರೆ ಬಳ್ಳಿಗೆ ನಿಮ್ಮ ಜಾತಕ ಗೊತ್ತೇನ್ರೀ?" ಗೊಣಗುತ್ತಲೇ ಪ್ರೇಮಾ ಕೈ ಹಾಕಿದರು. ಪಟಕ್ಕನೆ ಹೂವು ಕಾಯಿ ಸಮೇತ ಕೈಗೇ ಬಂತು.

"ನೋಡಿ, ಮುತ್ತೈದೆ ಕೈಗುಣ. ಇನ್ನೊಂದು ಉಳಿದಿದೆ. ಅದನ್ನೂ ನಾನೇ ಮುರೀಲಾ?"

ನಗು ತಡೆಯಲಾಗಲಿಲ್ಲ. ಬ್ರಷ್ ಪಕ್ಕಕ್ಕಿಟ್ಟೆ. ಗಂಡು ಹೂವನ್ನೇ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದೆ. ಧಾರೆ ಆಯಿತು ಮಕ್ಕಳೇ, ನನ್ನ ಕೈಯಿಂದಲೇ.

ಶುಕ್ರವಾರದ ಹೊತ್ತಿಗೆ ಆ ಎಳೆಗಾಯಿ ನನ್ನ ಅಂಗೈಗಿಂತ ಉದ್ದವಾಗಿತ್ತು. ಸೀರೆ ಮೇಲೆ ಸ್ವೆಟರ್ ಹಾಕಿದ್ದ ನನ್ನನ್ನು ಮೇರಿಯನ್ ಕೈ ಹಿಡಿದು ಗರಗರ ತಿರುಗಿಸಿದರು. ಬಳ್ಳಿ ಉಳಿಯಿತು. ಆಮೇಲೆ ದಿನಾ ಸಂಜೆ ಬೀಗದ ಕೈ ನನ್ನ ಹತ್ತಿರ. ನಾವು ಹೊರಡುವಾಗ ಬುಟ್ಟಿಗಟ್ಟಲೆ ಕಾಯಿ. ನಾನು ಮಾಡಿದ ಹೀರೆ ಸಿಪ್ಪೆ ಚಟ್ನಿ ತಿಂದು ಮೇರಿಯನ್ ಕಣ್ಣಲ್ಲಿ ನೀರು, ಆದರೂ ತಟ್ಟೆ ಮುಂದೆ ಚಾಚಿದರು.

ಈ ಹಾಳೆಗಳನ್ನು ಹಳೇ ಪೇಪರಿನವನಿಗೆ ಹಾಕಬೇಡಿ, ಬೀರುವಿನಲ್ಲಿ ಜೋಪಾನವಾಗಿಡಿ. ಸಿಂಚನಾ, ಮುಂದೆ ನಿನ್ನ ಧಾರೆಯ ದಿನ ಇದನ್ನು ತೆಗೆದು ಮನೆಯವರಿಗೆಲ್ಲ ಓದಿ ಹೇಳು. ಆಮೇಲೆ ಒಮ್ಮೆ ತಿರುಗಿ ನೋಡು: ನಾನಿನ್ನೂ ಕಂಬದ ಹಿಂದೆಯೇ ನಿಂತಿದ್ದೇನಾ?