ಮಟ್ಟ ಮಾಡದ ತುದಿಗಳು

ನನ್ನ ಅಕ್ಕನ ಮಗ ಮೂರು ವರ್ಷದಿಂದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾನೆ. ನಾನು ಕಾಂಕ್ರೀಟು ಪರೀಕ್ಷೆಯ ಪ್ರಯೋಗಾಲಯ ನೋಡಿಕೊಳ್ಳುವ ಕಾಲೇಜಿನಲ್ಲೇ ಅವನು ಸಿವಿಲ್ ಎಂಜಿನಿಯರಿಂಗ್ ಓದುತ್ತಾನೆ, ಪಿಟೀಲು ಕಲಿಯುತ್ತಾನೆ, ಉಳಿದ ಹೊತ್ತಿನಲ್ಲಿ ಸಮಾಜವನ್ನು ತಿದ್ದುತ್ತಾನೆ. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿಯೇನೆಂದು ಹಿರಿಯರು ಹೇಳಿಟ್ಟಿದ್ದಾರೆ. ಮೂರನೆಯ ದೋಣಿಗೆ ಕಾಲನ್ನು ಎಲ್ಲಿಂದ ತರುವುದೆಂಬುದು ಅವರಿಗೂ ಹೊಳೆದಿರಲಿಲ್ಲ.

"ಮೂರನ್ನೂ ಹೇಗೆ ತೂಗಿಸಿಕೊಂಡು ಹೋಗ್ತಾನೆ ನೋಡೇ" ಎಂದು ಅಕ್ಕ ಫೋನಿನಲ್ಲಿ ಹಿಗ್ಗುತ್ತಾಳೆ. ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಂಡದ್ದನ್ನು ಹೊತ್ತು ಸಮೇತ ಬರೆದಿಡುವುದು ನನ್ನ ಹಳೆಯ ಅಭ್ಯಾಸವಾದ್ದರಿಂದ, ಈ ತೂಗಾಟದ ಒಂದು ವಾರವನ್ನು ದಿನಚರಿಯಿಂದ ತೆಗೆದು ಇಲ್ಲಿ ಕೊಡುತ್ತೇನೆ.

ಮೊದಲು ಕೋಣೆ. ನಕ್ಷೆ ಬಿಡಿಸುವ ಹಲಗೆಯ ಮೇಲೆ ಕಾಲುಚೀಲಗಳು ಒಣಗುತ್ತವೆ. ಪಿಟೀಲಿನ ಪೆಟ್ಟಿಗೆಯ ಮೇಲೆ ಕರಪತ್ರಗಳು, ಕರಪತ್ರಗಳ ಮೇಲೆ ಟೀ ಲೋಟದ ಉಂಗುರಗಳು. ಉಕ್ಕಿನ ಅಳತೆಯ ಪುಸ್ತಕ ಕಿಟಕಿಯ ಬಾಗಿಲು ಬಡಿದುಕೊಳ್ಳದಂತೆ ತಡೆಯುತ್ತದೆ; ನಾನು ಕಂಡಂತೆ ಆ ಪುಸ್ತಕದಿಂದ ಅವನಿಗಾದ ಉಪಯೋಗ ಅದೊಂದೇ. ಬೆಳಿಗ್ಗೆ ಆರು ಹತ್ತಕ್ಕೆ ಪಿಟೀಲು ಶುರುವಾಗುತ್ತದೆ. ಒಂದೇ ಸ್ವರವನ್ನು ಉದ್ದುದ್ದ ಕಮಾನಿನಲ್ಲಿ ಮತ್ತೆ ಮತ್ತೆ ಅರ್ಧ ಗಂಟೆ ಎಳೆಯಬೇಕೆಂದು ಅವನ ಮೇಷ್ಟ್ರು ಹೇಳಿದ್ದಾರೆ. ಅವನು ಎರಡು ನಿಮಿಷ ಎಳೆದು, ಜನ ಚಪ್ಪಾಳೆ ತಟ್ಟುವ ಭಾಗಕ್ಕೆ ಹಾರುತ್ತಾನೆ.

ಮೇಷ್ಟ್ರು ಬೀದಿಯಲ್ಲಿ ಸಿಕ್ಕಾಗ ಒಮ್ಮೆ ಹೇಳಿದರು: "ನಿಮ್ಮ ಹುಡುಗ ಮೆಟ್ಟಿಲು ಹತ್ತಲ್ಲಮ್ಮ, ಸೀದಾ ಮಹಡಿಗೆ ಹಾರ್ತಾನೆ. ಆಮೇಲೆ ಕಾಲು ನೋವು ಅಂತಾನೆ."

ಇನ್ನು ಸಮಾಜ. ಗೋದಾಮುಗಳ ಹಿಂದಿನ ಬೀದಿಯಲ್ಲಿ ಮೂರು ಮಹಡಿಯ ಹಳೆಯ ಕಟ್ಟಡವೊಂದಿದೆ. ಹದಿನಾಲ್ಕು ಬಾಡಿಗೆ ಸಂಸಾರಗಳು. ತಾರಸಿಯಲ್ಲಿ ನಾಲ್ಕು ಗಿಡ್ಡ ಕಂಬಗಳ ಮೇಲೆ ಕಾಂಕ್ರೀಟಿನ ನೀರಿನ ತೊಟ್ಟಿ. ಕಂಬಗಳು ಬಿರುಕು ಬಿಟ್ಟು ಒಳಗಿನ ಕಂಬಿಯ ತುಕ್ಕು ಕಂದು ಕಣ್ಣೀರಿನಂತೆ ಇಳಿದಿದೆ. ಅದರ ನೇರ ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಹಾಸಿಗೆ ಹಿಡಿದ ತನ್ನ ಅತ್ತೆಯೊಂದಿಗೆ ಇರುತ್ತಾಳೆ. ಅತ್ತೆಯ ಮಂಚ ಹಿಡಿಸುವುದು ಒಂದೇ ಮೂಲೆಯಲ್ಲಿ. ತೊಟ್ಟಿ ಕೂತಿರುವುದೂ ಅದೇ ಮೂಲೆಯ ಮೇಲೆ.

ನಮ್ಮವನು ತನ್ನ ಸಂಘದ ಗೆಳೆಯರೊಂದಿಗೆ ನಗರ ಕಚೇರಿಯ ಮುಂದೆ ಆರು ವಾರ ಕೂಗಿದ. ಕೊನೆಗೆ ಅಲ್ಲಿನ ಅಧಿಕಾರಿ, ಕೂಗಿಗೆ ಹೆದರಿಯಲ್ಲ, ಕಿವಿ ಚಿಟ್ಟುಹಿಡಿದು, ಒಂದು ದಾರಿ ತೋರಿದರು: "ಕಂಬಗಳಿಂದ ಮೂರು ಸಿಲಿಂಡರಿನಾಕಾರದ ತುಂಡುಗಳನ್ನು ಕೊರೆದು ತೆಗೆಯಿರಿ. ಕಾಲೇಜಿನ ಯಂತ್ರದಲ್ಲಿ ಒತ್ತಿ ನೋಡಿ. ಮೂರರ ಸರಾಸರಿ ಬಲ ಹನ್ನೆರಡು ಮೆಗಾಪಾಸ್ಕಲ್‌ಗಿಂತ ಕಡಿಮೆಯಿದ್ದರೆ ತೊಟ್ಟಿ ಒಡೆಸುತ್ತೇನೆ, ಹೊಸದನ್ನು ಕಟ್ಟಿಸುತ್ತೇನೆ. ವರದಿ ಬುಧವಾರ ಸಂಜೆ ಐದರೊಳಗೆ ನನ್ನ ಮೇಜಿನ ಮೇಲಿರಲಿ." ಕಟ್ಟಡದ ಮಾಲೀಕ ಒಂದೇ ಒಂದು ಸಲ ಕೊರೆಯಲು ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿಗೆ ಬರೆದುಕೊಟ್ಟ.

ತುಂಡುಗಳು ಬಂದವು. ಎರಡು ದಿನ ನೀರಿನಲ್ಲಿ ನೆನೆಸಬೇಕು, ನಮ್ಮವನು ನೆನೆಸಿದ. ಆಮೇಲೆ ಎರಡು ತುದಿಗಳಿಗೂ ಕರಗಿಸಿದ ಗಂಧಕದ ತೆಳು ಲೇಪ ಕೊಟ್ಟು, ಕನ್ನಡಿಯಂತೆ ಮಟ್ಟ ಮಾಡಬೇಕು. ತುದಿ ಡೊಂಕಿದ್ದರೆ ಯಂತ್ರದ ಭಾರವೆಲ್ಲ ಒಂದೇ ಅಂಚಿನ ಮೇಲೆ ಬಿದ್ದು, ಗಟ್ಟಿ ಕಾಂಕ್ರೀಟೂ ಬಿಸ್ಕತ್ತಿನಂತೆ ಮುರಿಯುತ್ತದೆ. ಇದನ್ನು ಪ್ರತಿ ವರ್ಷದ ಮೊದಲ ತರಗತಿಯಲ್ಲೇ ನಾನು ಹೇಳುತ್ತೇನೆ. ಆ ದಿನ ಅವನು ಯಾವುದೋ ಮೆರವಣಿಗೆಯಲ್ಲಿದ್ದ.

ಗುರುವಾರದಿಂದ ಶನಿವಾರದವರೆಗೆ ನನಗೆ ಬೇರೆ ಕಟ್ಟಡದಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯಿತ್ತು. ಗುರುವಾರ ಮೂರು ಹತ್ತಕ್ಕೆ ಅವನು ತನ್ನ ತರಗತಿಯ ಅವಧಿಯಲ್ಲಿ ಎರಡು ತುಂಡುಗಳನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟ. ಯಂತ್ರ ತೋರಿದ ಬಲ: ಆರೂವರೆ, ಏಳು. ನಾಲ್ಕಕ್ಕೆ ಪಿಟೀಲಿನ ತಾಲೀಮು ಇದ್ದುದರಿಂದ ಮೂರನೆಯದನ್ನು ನೀರಿನಲ್ಲೇ ಬಿಟ್ಟು ಓಡಿದ. ಅವನ ಅವಸರದಿಂದ ಜಗತ್ತಿಗಾದ ಏಕೈಕ ಲಾಭವೆಂದರೆ ಆ ಮೂರನೆಯ ತುಂಡು.

ಭಾನುವಾರ ಕಟ್ಟಡದ ಅಂಗಳದಲ್ಲಿ ಸಭೆ. ಅಂಕಿಗಳನ್ನು ಓದಿ ಹೇಳಿ, ತಾನೇ ಕಟ್ಟಿದ ಹಾಡನ್ನು ಪಿಟೀಲಿನೊಂದಿಗೆ ಹಾಡಿದ. ಹಾಡಿನಲ್ಲಿ ತೊಟ್ಟಿ ಮುಪ್ಪಿನ ರಾಕ್ಷಸ. ಮಾಲೀಕ ಅದರ ತಲೆಯ ಮೇಲೆ ಕೂತ ಕಾಗೆ. ಜನ ಬಿದ್ದು ಬಿದ್ದು ನಕ್ಕರು. ಕಾಗೆಯೂ ಬಾಗಿಲ ಬಳಿ ನಿಂತು ಪೂರ್ತಿ ಕೇಳಿಸಿಕೊಂಡಿತು. ಅಕ್ಕನಿಗೆ ವಿಡಿಯೊ ಹೋಯಿತು. ಆಕೆ ಅದನ್ನು ನನಗೆ ಮೂರು ಸಲ ಕಳಿಸಿದಳು.

ಸೋಮವಾರ ಒಂಬತ್ತು ಗಂಟೆಗೆ ಪ್ರಯೋಗಾಲಯದ ಕಸದ ತೊಟ್ಟಿಯಲ್ಲಿ ಒಡೆದ ಚೂರುಗಳನ್ನು ಕಂಡೆ. ಸರಿಯಾಗಿ ಒಡೆದ ಸಿಲಿಂಡರು ಎರಡೂ ತುದಿಗಳಲ್ಲಿ ಶಂಕುವಿನ ಆಕಾರ ಉಳಿಸುತ್ತದೆ. ಇವುಗಳಲ್ಲಿ ಒಂದು ಪಕ್ಕದ ಅಂಚು ಮಾತ್ರ ಸಿಡಿದಿತ್ತು. ಅವನನ್ನು ಕರೆಸಿದೆ.

"ತುದಿ ಮಟ್ಟ ಮಾಡಿದ್ಯಾ?"

"ಹೆಚ್ಚುಕಮ್ಮಿ ಮಟ್ಟವಾಗೇ ಇತ್ತು ಚಿಕ್ಕಮ್ಮ."

"ಹೆಚ್ಚೋ, ಕಮ್ಮಿಯೋ?"

"ಬಿರುಕು ಕಣ್ಣಿಗೇ ಕಾಣುತ್ತಲ್ಲ! ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಾವು ಜನರ ಪರವಾಗಿದ್ದೀವಿ."

"ಯಂತ್ರ ಯಾರ ಪರವಾಗೂ ಇಲ್ಲ" ಎಂದೆ. "ಈ ಎರಡು ಅಂಕಿಗೆ ನಾನು ಸಹಿ ಹಾಕಲ್ಲ."

ಅಷ್ಟರಲ್ಲಿ ಹೊಲಿಯುವ ಹೆಂಗಸು ಬಾಗಿಲಲ್ಲಿದ್ದಳು. ವರದಿ ಸಿದ್ಧವಾಯಿತೇ ಎಂದು ಕೇಳಲು ಬಂದಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ನಾನು ಚೂರುಗಳನ್ನು ತೋರಿಸಿ ವಿಷಯ ಹೇಳಿದೆ. ಒಂದು ಚೂರನ್ನು ಕೈಗೆತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಬಟ್ಟೆ ತುದಿ ಸಮ ಮಾಡ್ಕೊಳ್ದೆ ಅಳತೆ ತಗೊಂಡಿಯೇನಪ್ಪ?"

 ಇಂಥ ಪ್ರಶ್ನೆಗೆ ಘೋಷಣೆಯಲ್ಲಿ ಉತ್ತರವಿರುವುದಿಲ್ಲ.

"ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದ್ಳಂತೆ. ನೀನು ನಿಜವಾಗ್ಲೂ ಡೊಂಕಿರೋ ನೆಲದ ಮೇಲೆ ಕುಣಿದು, ಚಪ್ಪಾಳೆ ಬೇರೆ ತಗೊಂಡೆ. ನಮ್ಮತ್ತೆಗೆ ಎದ್ದು ಓಡಕ್ಕಾಗಲ್ಲ ಕಣೋ. ಇನ್ನೊಂದಿದೆಯಲ್ಲ, ಅದನ್ನಾದ್ರೂ ನೆಟ್ಟಗೆ ಮಾಡು."

"ನಾಳೆ ಮೂರು ಗಂಟೆಗೆ ನನ್ನ ಪಿಟೀಲು ಸ್ಪರ್ಧೆ ಇದೆ ಅಕ್ಕ. ಬೆಳಿಗ್ಗೆ ಕಾಲೇಜಿನ ಪರೀಕ್ಷೆ ಬೇರೆ…"

"ನಾನೂ ನಾಳೆ ಬರ್ತೀನಿ" ಎಂದಷ್ಟೇ ಹೇಳಿ ಆಕೆ ಹೋದಳು.

ಮಂಗಳವಾರ ಒಂದೂ ಇಪ್ಪತ್ತಕ್ಕೆ ಅವನು ಗಂಧಕ ಕರಗಿಸಲು ಕೂತ. ಮೊದಲ ಲೇಪ ಓರೆಯಾಯಿತು, ಕೆರೆದು ತೆಗೆಸಿದೆ. ಎರಡನೆಯದೂ ಓರೆ. ಮೂರನೆಯದು ಮಟ್ಟಗೋಲಿನ ಗುಳ್ಳೆಯನ್ನು ನಡುವಿನಲ್ಲಿ ನಿಲ್ಲಿಸಿತು. ನಾನೇ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಲೇಪ ಗಟ್ಟಿಯಾಗಲು ಎರಡು ಗಂಟೆ ಬೇಕು. ಪಿಟೀಲಿನ ಪೆಟ್ಟಿಗೆ ಗೋಡೆಗೊರಗಿಕೊಂಡಿತ್ತು. ಅವನು ಅದನ್ನೊಮ್ಮೆ, ಗಡಿಯಾರವನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ. ಅಂದು ಅವನ ಆತ್ಮಸಾಕ್ಷಿ ಎಚ್ಚೆತ್ತಿತೆಂದು ಅಕ್ಕ ಹೇಳುತ್ತಾಳೆ. ಹೊಲಿಯುವ ಹೆಂಗಸು ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿ, ಗುಂಡಿ ಹೊಲಿಯುತ್ತ ಕೂತಿದ್ದಳೆಂದು ನನ್ನ ದಿನಚರಿ ಹೇಳುತ್ತದೆ.

ಸ್ಪರ್ಧೆ ತಪ್ಪಿತು. ನಾಲ್ಕೂ ಐದಕ್ಕೆ ತುಂಡು ಒಡೆಯಿತು. ಶಂಕು ಸ್ಪಷ್ಟವಾಗಿ ಉಳಿಯಿತು. ಅಂಕಿ: ಹತ್ತು ಪಾಯಿಂಟ್ ಎಂಟು.

ಅಂದರೆ ಕಂಬ ನಿಜಕ್ಕೂ ದುರ್ಬಲವಾಗಿತ್ತು. ನಿಜ ಅವನ ಕಡೆಗೇ ಇತ್ತು. ಸುಳ್ಳು ಹೇಳುವ ಅಗತ್ಯವೇ ಇಲ್ಲದ ಕಡೆ ಅರೆಬರೆ ಕೆಲಸ ಮಾಡಿ, ಮೂರು ಸಾಕ್ಷಿಗಳಲ್ಲಿ ಎರಡನ್ನು ತನ್ನ ಕೈಯಾರೆ ಕೊಂದಿದ್ದ. ಅವನ ಮುಖದಲ್ಲಿ ಮೊದಲು ಗೆಲುವು ಮೂಡಿತು. ಲೆಕ್ಕ ತಿಳಿಯಲು ಇನ್ನೂ ಅರ್ಧ ನಿಮಿಷ ಹಿಡಿಯಿತು.

ಬುಧವಾರ ನಾಲ್ಕೂವರೆಗೆ ಅಧಿಕಾರಿ ವರದಿ ಓದಿದರು. "ಮೂರು ಕೇಳಿದ್ದೆ, ಒಂದು ತಂದಿದ್ದೀರಿ. ಸಾಲದು. ಮತ್ತೆ ಕೊರೀರಿ."

ಮತ್ತೆ ಕೊರೆಯಲು ಮಾಲೀಕನ ಒಪ್ಪಿಗೆ ಬೇಕು. ಕೇಳಲು ನಮ್ಮವನೇ ಹೋದ.

"ಕಾಗೆ ಹತ್ರ ಸಹಿ ಕೇಳ್ತಾರೇನಪ್ಪ?" ಎಂದನಂತೆ ಮಾಲೀಕ. "ಕಾಗೆಗೆ ಬರೆಯಕ್ಕೆ ಬರಲ್ಲ."

ಇನ್ನು ಉಳಿದದ್ದು ನೋಟೀಸು, ವಿಚಾರಣೆ, ಆರು ತಿಂಗಳು. ಅಷ್ಟು ದಿನ ತುಂಬಿದ ತೊಟ್ಟಿಯ ಕೆಳಗೆ ಮಲಗುವ ಮನಸ್ಸು ಹದಿನಾಲ್ಕು ಸಂಸಾರಗಳಿಗೆ ಇರಲಿಲ್ಲ. ಗುರುವಾರ ಹೊಲಿಯುವ ಹೆಂಗಸು ತಾರಸಿಗೆ ಹೋಗಿ, ಒಳಬರುವ ನೀರಿನ ತಿರುಪು ಬಿಗಿದು, ತೊಟ್ಟಿ ಖಾಲಿ ಮಾಡಿದಳು. ಈಗ ನೆಲಮಹಡಿಯ ನಲ್ಲಿಯಿಂದ ಎಲ್ಲರೂ ಬಕೆಟ್ಟಿನಲ್ಲಿ ನೀರು ಹೊರುತ್ತಾರೆ. ನಮ್ಮವನು ಸಾಂತ್ವನದ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಆಕೆ ಅವನ ಎರಡೂ ಕೈಗೆ ಒಂದೊಂದು ಬಕೆಟ್ಟು ಕೊಟ್ಟಳಂತೆ. "ಮಾತು ಆಮೇಲೆ. ಮೊದಲು ನಮ್ಮತ್ತೆಗೆ ಸ್ನಾನಕ್ಕೆ."

ಇದಾಗಿ ಏಳು ವಾರ. ಬೆಳಿಗ್ಗೆ ಆರು ಹತ್ತಕ್ಕೆ ನಮ್ಮ ಮನೆಯಲ್ಲಿ ಈಗ ಪಿಟೀಲು ಕೇಳಿಸುವುದಿಲ್ಲ. ಆ ಹೊತ್ತಿಗೆ ಅವನು ಅಲ್ಲಿ ಐವತ್ತೆರಡು ಮೆಟ್ಟಿಲು ಹತ್ತುತ್ತಿರುತ್ತಾನೆ. ಮೊದಲ ವಾರ ನೀರು ಅರ್ಧ ಚೆಲ್ಲುತ್ತಿತ್ತಂತೆ. ಉಕ್ಕಿನ ಅಳತೆಯ ಪುಸ್ತಕ ಇನ್ನೂ ಕಿಟಕಿಯಲ್ಲೇ ಇದೆ. ಎರಡು ವಿಷಯಗಳಲ್ಲಿ ನಪಾಸಾಗಿದ್ದಾನೆ. ಅಕ್ಕನಿಗೆ ಒಂದನ್ನೇ ಹೇಳಿದ್ದಾನೆ.

ಬಕೆಟ್ಟಿನ ಬಗ್ಗೆ ಅವನು ಈವರೆಗೆ ಹಾಡು ಕಟ್ಟಿಲ್ಲ. ಅವನ ಪರವಾಗಿ ಈ ದಿನಚರಿಯಲ್ಲಿ ಬರೆಯಲು ನನಗೆ ಸಿಕ್ಕಿರುವುದು ಅಷ್ಟೇ.